ಪದ ಬೇಕಿತ್ತು: ‘ಬೆಟ್ಟಿನ ಹಕ್ಕಿ’ ಅಂದರೆ ನಿಮಗೆ ಏನು ತಿಳಿಯುತ್ತದೆ?

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಬರೆಯುತ್ತಿದ್ದೇನೆ. ಒಂದೇ ಒಂದು ಪದ ಕೇಳೋಣ ಅಂತ ಕೂತೆ, ಬರೆಯುವಷ್ಟರಲ್ಲಿ ಐದಾರು ಆಯ್ತು.

ಸಂಗತಿ ಇಷ್ಟು. ಅಕ್ಕನ ಮಗ ಅಮೆರಿಕದ ಮಿನ್ನೆಸೋಟದಲ್ಲಿದ್ದಾನೆ. ಈ ಸಲ ಅಲ್ಲಿಯ ಗೆಳೆಯರ ಜೊತೆ ಹಕ್ಕಿ ಬೇಟೆಗೆ ಹೊರಟಿದ್ದಾನೆ, ಅದಕ್ಕೆ ಮೊದಲ ಕೋವಿ ತೆಗೆದುಕೊಳ್ಳಬೇಕು. ಅಲ್ಲಿ ಇದು ಲೈಸೆನ್ಸು ಕೊಟ್ಟು ನಡೆಸುವ ಬೇಟೆ, 1979ರ ಡಿಸೆಂಬರ್ 31ರ ನಂತರ ಹುಟ್ಟಿದವರು ಸಾಮಾನ್ಯವಾಗಿ ಕೋವಿ ತರಬೇತಿಯ ಸರ್ಟಿಫಿಕೇಟನ್ನೂ ತೋರಿಸಬೇಕು. (ಇಲ್ಲಿ ಯಾರೂ ಹುರುಪಾಗಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕೌಜುಗ ಹೊಡೆದರೂ ಕೇಸು.) ನಮ್ಮ ಕುಟುಂಬದಲ್ಲಿ ಕೋವಿ ಇರುವುದು ಹೆಬ್ರಿ ಹತ್ತಿರದ ದೊಡ್ಡಪ್ಪನ ಮನೆಯಲ್ಲಿ ಮಾತ್ರ. ಬೆಳೆ ರಕ್ಷಣೆಯ ಲೈಸೆನ್ಸು, ಜಾಸ್ತಿ ಕೆಲಸ ಮಂಗ ಓಡಿಸುವುದು. ಹಾಗಾಗಿ ಹುಡುಗ ಅವರಿಗೇ ವಿಡಿಯೋ ಕಾಲ್ ಮಾಡಿದ. ದೊಡ್ಡಪ್ಪನಿಗೆ ಇಂಗ್ಲಿಷ್ ಬಾರದು. ಹುಡುಗನ ಕನ್ನಡ ಊಟ ಆಯ್ತಾ, ಮಳೆ ಉಂಟಾ ಅನ್ನುವಲ್ಲಿಗೆ ಮುಗಿಯುತ್ತದೆ. ನಡುವೆ ನಾನು.

ಮೊದಲನೇ ತೊಡಕು ಬಂದದ್ದು ‘ಅಪ್‌ಲ್ಯಾಂಡ್ ಬರ್ಡ್’ ಅನ್ನುವಲ್ಲಿ. ನಾನು ಸುಮ್ನೆ ‘ಮಲೆನಾಡಿನ ಹಕ್ಕಿ’ ಅಂದುಬಿಟ್ಟೆ. ‘ಹಾಗಾದರೆ ಘಟ್ಟ ಹತ್ತಬೇಕಾ ಇವನು?’ ಅಂತ ದೊಡ್ಡಪ್ಪ ಕೇಳಿದರು. ಹುಡುಗ ಫೋನನ್ನು ಕಿಟಕಿಯತ್ತ ತಿರುಗಿಸಿ ತೋರಿಸಿದ, ಅಲ್ಲಿ ನೆಲ ಚಾಪೆ ಹಾಸಿದ ಹಾಗೆ ಚಪ್ಪಟೆ. ಆಮೇಲೆ ಗೊತ್ತಾಯ್ತು, ಆ ಮಾತಿನಲ್ಲಿ ಬೆಟ್ಟ ಗುಡ್ಡದ ಪ್ರಶ್ನೆಯೇ ಇಲ್ಲ. ಬಾತುಕೋಳಿಯಂಥ ನೀರಿನ ಹಕ್ಕಿ ಒಂದು ಕಡೆ, ಒಣ ನೆಲದ ಹುಲ್ಲು ಪೊದೆಗಳಲ್ಲಿ ಇರುವ ಫೆಸಂಟ್, ಗ್ರೌಸ್, ಲಾವಕ್ಕಿಯಂಥವು ಇನ್ನೊಂದು ಕಡೆ, ಅಷ್ಟೇ. ಇದನ್ನು ಹೇಳಿದ ಕೂಡಲೇ ದೊಡ್ಡಪ್ಪ ಅಂದರು, ‘ಹಾಗೆ ಹೇಳು, ಬೈಲಿನದ್ದಲ್ಲ, ಬೆಟ್ಟಿನದ್ದು.’

ನನಗೆ ಅಲ್ಲಿಗೇ ಖುಷಿಯಾಯ್ತು. ನಮ್ಮ ಕಡೆ ಗದ್ದೆಗೆ ಮೂರು ಹೆಸರು ಅಲ್ವಾ: ನೀರು ನಿಲ್ಲುವ ತಗ್ಗಿನದು ಬೈಲು, ನಡುವಿನದು ಮಜಲು, ಮಳೆ ನಂಬಿಕೊಂಡ ಮೇಲಿನದು ಬೆಟ್ಟು. ಆ ಇಂಗ್ಲಿಷ್ ಮಾತಿನಲ್ಲಿ ಇರುವುದೂ ಇದೇ ನೀರಿನ ಲೆಕ್ಕ, ಎತ್ತರದ್ದಲ್ಲ. ಆದರೆ ಮೈಸೂರಿನ ಗೆಳೆಯನಿಗೆ ಹೇಳಿದರೆ ‘ಬೆಟ್ಟದ ಹಕ್ಕಿಯಾ?’ ಅಂತಾನೆ. ಘಟ್ಟದ ಮೇಲಿನವರಿಗೆ ಬೆಟ್ಟಿನ ‘ಟ್ಟು’ ಕಿವಿಗೆ ಬೀಳುವುದೇ ಇಲ್ಲವೋ ಏನೋ. ಕುಂದಾಪುರದ ಕಡೆಯ ನನ್ನ ಸಹೋದ್ಯೋಗಿ ‘ಹಾಡಿ-ಹಕ್ಕಲಿನ ಹಕ್ಕಿ’ ಅನ್ನಿ ಅಂದರು. ಹಾಡಿ ಅಂದರೆ ಸಣ್ಣ ಕಾಡು, ಹಕ್ಕಲು ಅಂದರೆ ಬೀಳು ನೆಲ. ಅದೂ ಚಂದ. ಗ್ರೌಸ್ ಇರುವುದು ಹಾಡಿಯಲ್ಲಿ, ಫೆಸಂಟ್ ಹಕ್ಕಲಿನಲ್ಲಿ, ಎರಡೂ ಸಿಕ್ಕಿತು. ಹೇಳಲಿಕ್ಕೂ ಚಂದ, ಆದರೆ ಇದೂ ಘಟ್ಟ ಹತ್ತುತ್ತದೋ ಇಲ್ಲವೋ. ‘ಒಣನೆಲದ ಹಕ್ಕಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ, ನನಗೆ ಮಾತ್ರ ಅದು ಸರಕಾರಿ ಕರಪತ್ರದ ಹಾಗೆ ಕೇಳುತ್ತದೆ. ನಿಮ್ಮ ಊರಿನ ಮಾತು ಏನಿದೆ, ಹೇಳಿ.

ಎರಡನೆಯದು ಬೋರಿನ ಲೆಕ್ಕ. ಹುಡುಗ 12 ಬೋರಿನದು ತೆಗೆದುಕೊಳ್ಳಲೋ 20ರದ್ದೋ ಅಂತ ಕೇಳಿದ. ‘20 ದೊಡ್ಡದಲ್ವಾ, ಮೊದಲ ಸಲಕ್ಕೆ ಅಷ್ಟು ದೊಡ್ಡದು ಯಾಕೆ?’ ಅಂದರು ದೊಡ್ಡಪ್ಪ. ನಲವತ್ತು ವರ್ಷದಿಂದ 12 ಬೋರಿನ ಕೋವಿ ಇಟ್ಟುಕೊಂಡವರು, ಆ 12 ಯಾವುದರ 12 ಅಂತ ಯೋಚಿಸಿರಲೇ ಇಲ್ಲ. ಲೆಕ್ಕ ಹೀಗಿದೆ. ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ಸೀಸದ ಗುಂಡು ಒಂದು ಪೌಂಡಿಗೆ ಎಷ್ಟು ತೂಗುತ್ತದೆ ಅನ್ನುವುದೇ ಆ ಸಂಖ್ಯೆ. ಪೌಂಡಿಗೆ 12 ಗುಂಡು ಬಂದರೆ ಬಾಯಿ ಅಗಲ, ಸುಮಾರು 18.5 ಮಿಲಿಮೀಟರ್. 20 ಬಂದರೆ ಗುಂಡು ಸಣ್ಣದು, ಬಾಯಿಯೂ ಸಣ್ಣದು, 15.6. ಇದನ್ನು ಎರಡು ಸಲ ಹೇಳಿದೆ, ಅವರ ಮುಖ ಹಾಗೇ ಇತ್ತು. ಮೂರನೇ ಸಲಕ್ಕೆ ‘ಗೇರುಬೀಜದ ಹಾಗೆ ದೊಡ್ಡಪ್ಪ’ ಅಂದೆ. ಮುಗಿಯಿತು. ಗೇರುಬೀಜದ ಕಾರ್ಖಾನೆಯಲ್ಲಿ ಡಬ್ಲ್ಯೂ 180 ಅಂದರೆ ಪೌಂಡಿಗೆ ಹೆಚ್ಚೆಂದರೆ 180 ತಿರುಳು, ತುಂಬ ದಪ್ಪದ್ದು. ಡಬ್ಲ್ಯೂ 320 ಅಂದರೆ ಸಣ್ಣದು. ಸಂಖ್ಯೆ ಏರಿದಷ್ಟು ಮಾಲು ಸಣ್ಣ. ಕರಾವಳಿಯಲ್ಲಿ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ.

ಇಲ್ಲಿ ನನ್ನ ಪ್ರಶ್ನೆ. ಪೌಂಡಿಗೆ ‘ರಾತಲು’ ಅಂತ ಹಳೆಯ ಮಾತಿತ್ತು. ‘ರಾತಲಿಗೆ ಹನ್ನೆರಡರ ಕೋವಿ’ ಅಂದರೆ ಅತಿಯಾಯ್ತಾ? ‘ಹನ್ನೆರಡು ಬೋರ್’ ಬಳಕೆಯಲ್ಲೇ ಇದೆ, ಅದನ್ನು ಮುಟ್ಟುವ ಆಸೆ ನನಗೆ ಇಲ್ಲ. ಒಮ್ಮೆ ಬಿಡಿಸಿ ಹೇಳಲಿಕ್ಕೆ ಮಾತ್ರ ಬೇಕು. ಇನ್ನೊಂದು, 410 ಅನ್ನುವ ಕೋವಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಇಂಚಿನ ಸಾವಿರದ ಭಾಗದಲ್ಲಿ ಬಾಯಿಯ ನೇರ ಅಳತೆ. ಗೇರುಬೀಜ ಅಲ್ಲಿ ಕೈಕೊಡುತ್ತದೆ.

ಬೀಜ ಅಂದಾಗ ನೆನಪಾಯ್ತು. ‘ಬಂದೂಕು’ ಅರಬ್ಬಿಯ ‘ಬುಂದುಕ್’ನಿಂದ ಬಂದದ್ದು, ಅದರ ಮೂಲ ಅರ್ಥವೂ ಒಂದು ಬೀಜವೇ, ಹೇಜಲ್ ಕಾಯಿ. ಅದರಿಂದ ಸಣ್ಣ ಗುಂಡಿಗೆ ಆ ಹೆಸರು, ಗುಂಡಿನಿಂದ ಕೋವಿಗೆ. ನಮ್ಮಲ್ಲಿ ಬಂದೂಕು ಪೊಲೀಸರದ್ದು, ಪೇಪರಿನದ್ದು. ತೋಟದವರದ್ದು ಕೋವಿ. ತುಳುವಿನಲ್ಲಿ ಬೆಡಿ. ಬೆಡಿ ಅಂದರೆ ಜಾತ್ರೆಯ ಸಿಡಿಮದ್ದು ಕೂಡ, ಪುತ್ತೂರು ಬೆಡಿ ಗೊತ್ತಿಲ್ಲದವರು ಯಾರು. ಕೊಡವರು ತೋಕ್ ಅಂತಾರೆ. ಇಷ್ಟೆಲ್ಲ ಇದ್ದೂ ಚರೆ (ಒಟ್ಟಿಗೆ ಹಾರುವ ಸಣ್ಣ ಸಣ್ಣ ಗುಂಡು) ಹಾರಿಸುವ ಕೋವಿಗೆ ಬೇರೆ, ಒಂದೇ ಗುಂಡಿನ ರೈಫಲ್ಲಿಗೆ ಬೇರೆ ಹೆಸರು ಮನೆಮಾತಿನಲ್ಲಿ ನನಗೆ ಸಿಕ್ಕಿಲ್ಲ. ‘ಚರೆಕೋವಿ’ ಅಂತ ಬರೆದಿದ್ದೇನೆ. ಯಾರಾದರೂ ಬಾಯಲ್ಲಿ ಹೀಗೆ ಕೇಳಿದ್ದೀರಾ, ಅಥವಾ ಇದು ನಾನೇ ಕಟ್ಟಿದ್ದಾ?

ಮೂರನೆಯದೇ ಕಷ್ಟದ್ದು, ‘ಚೋಕ್’. ನಳಿಗೆಯ ತುದಿಯನ್ನು ಚೂರು ಕಿರಿದು ಮಾಡಿರುತ್ತಾರೆ, ಚರೆ ಬೇಗ ಹರಡದಿರಲಿ ಅಂತ. ತುಂಬ ಕಿರಿದಾದರೆ ಚರೆ ಗುಂಪಾಗಿಯೇ ದೂರ ಹೋಗುತ್ತದೆ. ಸಡಿಲ ಇದ್ದರೆ ಹತ್ತಿರದಲ್ಲೇ ಹರಡುತ್ತದೆ. ಈ ಹಕ್ಕಿಗಳು ಕಾಲಬುಡದಿಂದಲೇ ಭರ್ರನೆ ಏಳುತ್ತವಂತೆ, ಹೊಡೆಯುವುದು ಇಪ್ಪತ್ತು ಇಪ್ಪತ್ತೈದು ಗಜದಲ್ಲಿ, ಹಾಗಾಗಿ ಹೊಸಬನಿಗೆ ಸಡಿಲದ್ದೇ ಸರಿ. ನಿಘಂಟು ನೋಡಿದರೆ ‘ಉಸಿರುಗಟ್ಟಿಸು’. ಕೋವಿಗೆ ಉಸಿರು ಕಟ್ಟಿಸಿ ನಾನು ಎಲ್ಲಿಗೆ ಹೋಗಲಿ? ದೊಡ್ಡಪ್ಪ ಮಾತಾಡದೆ ಎದ್ದು ಹೋಗಿ ಅಡಿಕೆಗೆ ಮದ್ದು ಬಿಡುವ ಪೈಪು ತಂದು ಕ್ಯಾಮರಾದ ಮುಂದೆ ಹಿಡಿದರು, ನೋಸಲನ್ನು ತಿರುಗಿಸಿ ‘ಇದು ಬಿಗಿ, ಕೊನೆಗೆ ಮುಟ್ಟುತ್ತದೆ. ಇದು ಸಡಿಲ, ಬುಡಕ್ಕೇ ಬೀಳುತ್ತದೆ’ ಅಂದರು. ಹುಡುಗನಿಗೆ ನನ್ನ ಭಾಷಾಂತರ ಬೇಕಾಗಲೇ ಇಲ್ಲ. ಅಲ್ಲಿಂದ ನಾನು ‘ಬಾಯಿಬಿಗಿ’ ಅಂತ ಇಟ್ಟುಕೊಂಡಿದ್ದೇನೆ: ಪೂರ್ತಿ ಬಿಗಿ, ಅರೆಬಿಗಿ, ಸಡಿಲ. ‘ಬಾಯಿ ಬಿಗಿ’ ಅಂದರೆ ಮಾತಾಡಬೇಡ ಅಂತಲೂ ಆಗುತ್ತದೆ, ಅದೊಂದು ಅಡ್ಡಿ. ಇಲ್ಲೇ ಇನ್ನೊಂದು ಗಮ್ಮತ್ತು ನೋಡಿ. ಅಡಿಕೆಗೆ ಬಿಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ದೊಡ್ಡಪ್ಪ ರಾತ್ರಿ ಊಟದ ನಂತರ ನುಂಗುವುದೂ ಮದ್ದು.

ಕಡೆಗೆ 20 ಬೋರಿನದು, ಮೂರು ಕಿಲೋಕ್ಕಿಂತ ಒಳಗಿನದು ಅಂತ ತೀರ್ಮಾನವಾಯ್ತು. ದಿನವಿಡೀ ಹುಲ್ಲಿನಲ್ಲಿ ನಡೆಯುವವನಿಗೆ ಅರ್ಧ ಕಿಲೋ ಕೂಡ ಸಂಜೆಗೆ ಭಾರವೇ. ಬೋರಿಗಿಂತ ಜಾಸ್ತಿ ದೊಡ್ಡಪ್ಪ ಒತ್ತಿ ಹೇಳಿದ್ದು ಒಂದೇ: ಅಂಗಡಿಯಲ್ಲಿ ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಹೆಗಲಿಗೆ ಏರಿಸು, ಕಣ್ಣು ಬಿಟ್ಟಾಗ ನಳಿಗೆಯ ಮೇಲೆ ನೇರ ನೋಟ ಹೋಗುತ್ತಿದ್ದರೆ ಅದು ನಿನ್ನದು, ಇಲ್ಲದಿದ್ದರೆ ಕೆಳಗಿಡು. ಇದಕ್ಕೆ ಅವರ ಮಾತು ‘ಕೂರುವುದು’. ಕೋವಿ ಕೂರಬೇಕು. ಅಂಗಿ ಕೂರುವ ಹಾಗೆ. ಇದಕ್ಕಿಂತ ಒಳ್ಳೆಯ ಪದ ನನಗಂತೂ ಬೇಡ.

ತೋಟೆಯ, ಅಂದರೆ ಕಾರ್ಟ್ರಿಜ್‌ನ, ವಿಷಯವೂ ಬಂತು. 20ರ ತೋಟೆ 12ರ ನಳಿಗೆಯೊಳಗೆ ಜಾರಿ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಗೊತ್ತಿಲ್ಲದೆ ಹಿಂದಿನಿಂದ 12ರದ್ದು ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ. ಅದಕ್ಕೇ ಅಲ್ಲಿ 20ರದ್ದಕ್ಕೆ ಹಳದಿ ಬಣ್ಣ. ‘ಗೆಳೆಯರ ತೋಟೆ ನಿನ್ನ ಜೇಬಿಗೆ ಬರಬಾರದು’ ಅಂತ ದೊಡ್ಡಪ್ಪ ಎರಡೆರಡು ಸಲ ಹೇಳಿಸಿದರು. ಫೆಸಂಟ್‌ನಲ್ಲಿ ಹುಂಜ ಮಾತ್ರ ಹೊಡೆಯಬಹುದು, ಹೇಂಟೆ ಮುಟ್ಟುವಂತಿಲ್ಲ ಅನ್ನುವ ನಿಯಮ ಮಾತ್ರ ಒಂದೇ ಉಸಿರಿಗೆ ದಾಟಿತು. ಹುಂಜ-ಹೇಂಟೆಗೆ ನಮ್ಮೂರಲ್ಲಿ ಭಾಷಾಂತರ ಬೇಕಾ?

ಉಳಿದದ್ದು ಎರಡು. ಪೊದೆಯಿಂದ ಹಕ್ಕಿ ಹೊರಡಿಸುವುದಕ್ಕೆ ನಾನು ‘ಎಬ್ಬಿಸು’ ಅಂದೆ. ಘಟ್ಟದ ಮೇಲೆ ಕಾಡು ‘ಸೋವುವುದು’ ಅಂತಾರಲ್ಲ, ಅದು ಹತ್ತು ಜನ ಸೇರಿ ಗದ್ದಲ ಮಾಡಿ ಪ್ರಾಣಿ ಓಡಿಸುವುದಕ್ಕೆ ಮಾತ್ರವಾ, ಒಂದು ನಾಯಿ ಒಂದು ಹಕ್ಕಿ ಎಬ್ಬಿಸಿದರೂ ಹೇಳಬಹುದಾ?

ಇನ್ನೊಂದು, ಹುಡುಗ ‘ಬೇಲಿ ದಾಟುವಾಗ ಗನ್ ಬ್ರೇಕ್ ಮಾಡಬೇಕಂತೆ’ ಅಂದ. ನಾನು ಅವಸರದಲ್ಲಿ ‘ಕೋವಿ ಮುರಿಯಬೇಕಂತೆ’ ಅಂದೆ. ದೊಡ್ಡಪ್ಪ ಒಂದು ನಿಮಿಷ ಸುಮ್ಮನೆ ಕೂತರು, ಆಮೇಲೆ ತುಳುವಿನಲ್ಲಿ ‘ದಾಯೆಗ್?’ (ಯಾಕೆ?) ಅಂದರು. ಬ್ರೇಕ್ ಅಂದರೆ ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ ಕೋವಿ ತೆರೆದಿಡುವುದು, ಅದಕ್ಕೆ ಅವರ ಮಾತು ‘ಮಡಚು’. ನಿಮ್ಮಲ್ಲಿ ಮುರಿಯುತ್ತಾರಾ, ಮಡಚುತ್ತಾರಾ, ಬಗ್ಗಿಸುತ್ತಾರಾ? ಕೋವಿ ಇರುವ ಮನೆಯವರು ಬರೆದರೆ ಒಳ್ಳೆಯದು. ದೊಡ್ಡಪ್ಪನದ್ದನ್ನೇ ನೋಡಿ ಬರೋಣ ಅಂದರೆ ಚುನಾವಣೆ ಅಂತ ಠಾಣೆಯಲ್ಲಿ ಇಟ್ಟದ್ದು ಇನ್ನೂ ಮನೆಗೆ ಬಂದಿಲ್ಲ.