ಶುಗರ್ ಇಲ್ಲ, ಬಿಪಿ ಇಲ್ಲ, ಆದರೂ ಅಪ್ಪನ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಅಂಶ) 1.9. ಬಿಸಿಲಿನ ಕೂಲಿ ಕೆಲಸದಿಂದ ಹೀಗಾಗುತ್ತಾ?

ಕುಶಾಲನಗರದ ಮಗಳು:
ಅಪ್ಪನಿಗೆ 48 ವರ್ಷ. ಶುಂಠಿ ಕೀಳುವ ಕೆಲಸಕ್ಕೆ ಹೋಗುತ್ತಾರೆ, ಕಾಫಿ ಕೊಯ್ಲಿನಲ್ಲಿ ಸುಂಟಿಕೊಪ್ಪದ ಕಡೆ ತೋಟಕ್ಕೆ. ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ ಹೀಗೆ ಬಂದಿದೆ. ಕುಡಿತ ಇಲ್ಲ. ಮನೆಯಲ್ಲಿ ಎಲ್ಲರೂ ಬೋರ್‌ವೆಲ್ ನೀರೇ ಕಾರಣ ಅನ್ನುತ್ತಿದ್ದಾರೆ. ಕೆಲಸವೇ ಕಾರಣ ಇರಬಹುದಾ? ಬಿಡಿ ಅಂದರೆ ಅಪ್ಪ ಕೇಳುವವರಲ್ಲ.

ವಿರಾಜಪೇಟೆ ಸಿಸ್ಟರ್:
ಇರಬಹುದು. ಎಲ್ ಸಾಲ್ವಡೋರ್, ನಿಕರಾಗುವಾದಲ್ಲಿ ಕಬ್ಬು ಕಡಿಯುವ ಎಷ್ಟೋ ಗಂಡಸರಿಗೆ ಶುಗರ್, ಬಿಪಿ ಯಾವುದೂ ಇಲ್ಲದೆ ಕಿಡ್ನಿ ಹೋಗಿದೆ. ಪಕ್ಕದ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲೂ ಅದೇ ಕಥೆ. ಎಲ್ಲ ಕಡೆಗೂ ಕಾರಣ ಒಂದೇ ಅಂತ ಇನ್ನೂ ತೀರ್ಮಾನ ಆಗಿಲ್ಲ. ಆದರೆ ಕಬ್ಬಿನ ಗದ್ದೆಗಳಲ್ಲಿ ಸುಡುಬಿಸಿಲಿನ ದುಡಿಮೆಯ ಮೇಲೇ ದೊಡ್ಡ ಅನುಮಾನ. ಕೊಡಗಿನಲ್ಲೂ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಕಾಫಿ ತೋಟದಲ್ಲಿ ಮರದ ನೆರಳಾದರೂ ಸಿಗುತ್ತೆ, ಶುಂಠಿ ಹೊಲದಲ್ಲಿ ಅದೂ ಇಲ್ಲ ಅಲ್ವಾ.

ನನಗೆ ಹೆಚ್ಚು ಭಯ ನೋವಿನ ಮಾತ್ರೆಯದ್ದು. ಬೆವರು ಜಾಸ್ತಿ ಹರಿದು ನೀರು ಕುಡಿಯದಿದ್ದರೆ ಕಿಡ್ನಿಗೆ ಹೋಗುವ ರಕ್ತ ಕಮ್ಮಿ ಆಗುತ್ತೆ. ಅದರ ಮೇಲೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗಿದರೆ ಇನ್ನೂ ಕಮ್ಮಿ. ಕೂಲಿಗೆ ಹೋಗುವವರು ಆಸ್ಪತ್ರೆಗೆ ಬಂದಾಗ ಅಂಗಿ ಜೇಬು ನೋಡುತ್ತೇನೆ. ಬೀಡಿ ಕಟ್ಟಿನ ಜೊತೆ ಅರ್ಧ ಖಾಲಿಯಾದ ಮಾತ್ರೆ ಸ್ಟ್ರಿಪ್ ಇರುತ್ತೆ. ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ತಗೊಂಡಿದ್ದು. ಹೆಂಗಸರ ಕಷ್ಟ ಬೇರೆ. ತೋಟದಲ್ಲಿ ಶೌಚಾಲಯ ಇಲ್ಲ ಅಂತ ಬೆಳಗ್ಗಿಂದ ನೀರೇ ಮುಟ್ಟುವುದಿಲ್ಲ.

ಅಪ್ಪ ಯಾವುದಾದರೂ ಮಾತ್ರೆ ತಗೊಳ್ತಾರಾ?

ಸೋಮವಾರಪೇಟೆ ಬೆಳೆಗಾರ:
ನಾನೂ ಶುಂಠಿ ಹಾಕುತ್ತೇನೆ. ಚೀಲದ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಯಾರೂ ಕೂರುವುದಿಲ್ಲ. 60 ಕೆಜಿಯ ಚೀಲ ಒಂದು ಜಾಸ್ತಿ ಆಗಲಿ ಅಂತ ಊಟವನ್ನೂ ಮುಂದೂಡುತ್ತಾರೆ. ಅದಕ್ಕೇ ನಾನು ದಿನಗೂಲಿ ಮಾಡಿದೆ. ಬೆಳಗ್ಗೆ ಬೇಗ ಶುರು, ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸುವುದು. ನೀರಿನ ಕ್ಯಾನ್ ಗೇಟಿನ ಹತ್ತಿರ ಇಟ್ಟರೆ ಪ್ರಯೋಜನ ಇಲ್ಲ, ಕೆಲಸ ನಡೆಯುವ ಪಟ್ಟೆಯ ತಲೆಗೇ ಇಡಬೇಕು. ಇದು ಧಣಿ ಮಾಡಬೇಕಾದ ಕೆಲಸ. ಕೂಲಿಯವರಿಗೆ ಸುಮ್ನೆ 'ನೀರು ಕುಡೀರಿ' ಅಂತ ಬುದ್ಧಿ ಹೇಳಿದರೆ ಸಾಲದು.

ಕುಶಾಲನಗರದ ಮಗಳು:
ಸಿಸ್ಟರ್, ಬೆನ್ನು ನೋವಿಗೆ ದಿನಾ ರಾತ್ರಿ ಒಂದು ತಗೊಳ್ತಾರೆ. ಸ್ಟ್ರಿಪ್ ಮೇಲೆ ಡೈಕ್ಲೋಫೆನಾಕ್ ಅಂತಲೇ ಇದೆ. ನೀರು ಎಷ್ಟು ಕುಡಿಸಲಿ?

ವಿರಾಜಪೇಟೆ ಸಿಸ್ಟರ್:
ಇವತ್ತೇ ನಿಲ್ಲಿಸಿ. ನೋವಿಗೆ ಪ್ಯಾರಸಿಟಮಾಲ್ ಕೊಡಬಹುದಾ, ಎಷ್ಟು ಅಂತ ಡಾಕ್ಟರನ್ನು ಕೇಳಿ. ಕಾಲು ಊದಿದ್ದರೆ ಅಥವಾ ಮೂತ್ರ ಕಮ್ಮಿ ಆಗಿದ್ದರೆ ಒತ್ತಾಯ ಮಾಡಿ ನೀರು ಕುಡಿಸಬೇಡಿ, ತಕ್ಷಣ ತೋರಿಸಿ.

48ರ ಗಂಡಸಿಗೆ 1.9 ಅಂದರೆ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 40ರ ಆಸುಪಾಸು. 60ಕ್ಕಿಂತ ಕೆಳಗೆ 3 ತಿಂಗಳು ಉಳಿದರೆ ದೀರ್ಘಕಾಲದ ಕಾಯಿಲೆ ಅನ್ನುತ್ತಾರೆ. ಮಾತ್ರೆಯಿಂದ ಏರಿದ್ದಾದರೆ ಇಳಿಯಲೂಬಹುದು. ಹಾಗಂತ 3 ತಿಂಗಳು ಕಾಯಬೇಡಿ. ಈ ವಾರವೇ ಹೋಗಿ ಕ್ರಿಯಾಟಿನಿನ್ ಮತ್ತೆ ಮಾಡಿಸಿ, ಮೂತ್ರದಲ್ಲಿ ಅಲ್ಬುಮಿನ್ (ಪ್ರೋಟೀನ್) ಹೋಗುತ್ತಿದೆಯಾ ಅನ್ನುವ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಬಗ್ಗೆಯೂ ಕೇಳಿ. ಇತ್ತೀಚೆಗೆ ಜ್ವರ ಬಂದಿದ್ದರೆ ಅದನ್ನೂ ಹೇಳಿ, ಇಲಿ ಜ್ವರವೂ ಕಿಡ್ನಿಗೆ ಹೊಡೆಯುತ್ತೆ. ಆ ಸ್ಟ್ರಿಪ್ ಮರೆಯದೆ ತಗೊಂಡು ಹೋಗಿ, ಡಾಕ್ಟರ್ ನೋಡಲಿ.