ಈ ಬಿಸಿಲಿಗೆ ಗುಳಿಗೆ ಎಲ್ಲಿ ಇಡಬೇಕು?

ಬಿಸಿಲೂರವ:
ನಮ್ಮದು ಕಲಬುರಗಿ, ಮೇಲಿನ ಮನೆ, ಪತ್ರಾಸ್ ಛಾವಣಿ. ಅವ್ವ ತನ್ನ ಥೈರಾಯ್ಡ್ ಗುಳಿಗೆ ಬಾಟಲಿ, ಬಿಪಿ ಗುಳಿಗೆ ಎಲ್ಲ ಒಂದು ಬಿಸ್ಕೆಟ್ ಡಬ್ಬಿಗೆ ಹಾಕಿ ಟಿವಿ ಮೇಲಿನ ಹಲಗೆಯಲ್ಲಿ ಇಡುತ್ತಾಳೆ. ನಿನ್ನೆ ಹೊರಗೆ 43 ಡಿಗ್ರಿ. ಮಧ್ಯಾಹ್ನ ಡಬ್ಬಿ ಮುಟ್ಟಿದರೆ ಆಗಷ್ಟೇ ಚಹಾ ಸುರಿದ ಸ್ಟೀಲ್ ಲೋಟದ ಹಾಗೆ ಬಿಸಿ. ಬಾಟಲಿ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತಿದೆ. ಫ್ರಿಜ್‌ನಲ್ಲಿಟ್ಟರೆ ಆಯ್ತಲ್ವಾ? ಮತ್ತೆ ಬಿಪಿ ಗುಳಿಗೆಯ ಪಟ್ಟಿ (ಸ್ಟ್ರಿಪ್) ಅಂಗಡಿಯವರು ಕತ್ತರಿಸಿ ಕೊಟ್ಟಿದ್ದಾರೆ, ಎಕ್ಸ್‌ಪೈರಿ ತಾರೀಖಿನ ತುದಿ ಅವರ ಹತ್ತಿರವೇ ಉಳಿದಿದೆ.

ಮೆಡಿಕಲ್ ಕೌಂಟರ್:
ಫ್ರಿಜ್ ಬೇಡ ರೀ. ಲೇಬಲ್ ಮೇಲೆ 2ರಿಂದ 8 ಡಿಗ್ರಿ ಅಂತಿದ್ದರೆ ಮಾತ್ರ ಫ್ರಿಜ್. ದಿನಾ ಹೊರಗೆ ತೆಗೆದು ಮುಚ್ಚಳ ಬಿಚ್ಚಿದಾಗ ಒಳಗೆ ಪಸೆ ಕೂಡುತ್ತದೆ, ಥೈರಾಯ್ಡ್ ಗುಳಿಗೆಗೆ ಬಿಸಿ, ಬೆಳಕು, ತೇವ ಮೂರೂ ಆಗಿ ಬರಲ್ಲ. ಅದರ ಲೆಕ್ಕವೇ ಮೈಕ್ರೋಗ್ರಾಂ. ಸ್ವಲ್ಪ ಸತ್ವ ಹೋದರೂ ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ನೋಡುವ ಅಂಕಿ, ಟಿಎಸ್‌ಎಚ್, ಏರಬಹುದು, ಡಾಕ್ಟರ್ ಡೋಸ್ ಹೆಚ್ಚಿಸುತ್ತಾರೆ, ತಪ್ಪು ಮಾತ್ರ ಆ ಹಲಗೆಯದ್ದು! ಹೊಸ ಬಾಟಲಿ ತನ್ನಿ, ಡಾಕ್ಟರಿಗೂ ಹೇಳಿ. ಹಾಗಂತ ಹೊಸದು ಬರುವವರೆಗೆ ಗುಳಿಗೆ ಬಿಡಿಸಬೇಡಿ.

ತಾರೀಖು ಅನ್ನೋದು ಹೇಳಿದ ಜಾಗದಲ್ಲಿ ಇಟ್ಟರೆ ಮಾತ್ರ. 06/2026 ಅಂದರೆ ಜೂನ್ 30ರ ತನಕ. ಬಿಪಿ ಗುಳಿಗೆಯ ತಾರೀಖು ಬಿಲ್ಲಿನಲ್ಲಿ ಇರುತ್ತದೆ ನೋಡಿ. ಮುಂದಿನ ಸಲ ಪೂರ್ತಿ ಪಟ್ಟಿಯೇ ಕೇಳಿ, ನಾವು ಗೊಣಗಿದರೂ ಕೇಳಿ.

ಯಾದಗಿರಿ ಸೊಸೆ:
ನಮ್ಮ ಮಾವ ಹಾರ್ಟಿನ ಆಸ್ಪಿರಿನ್ ಗುಳಿಗೆಗಳನ್ನು ಸುಮ್ನೆ ಪಟ್ಟಿಯಿಂದ ಬಿಡಿಸಿ ಹಳೇ ಅಡಿಕೆ ಡಬ್ಬಿಗೆ ಸುರಿದು ಒಲೆ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು. ಮಳೆಗಾಲದಲ್ಲಿ ಒಂದು ದಿನ ಮುಚ್ಚಳ ತೆಗೆದರೆ ಗೋಬಿ ಮಂಚೂರಿ ಗಾಡಿಯ ಹತ್ತಿರ ನಿಂತ ಹಾಗೆ, ವಿನೆಗರ್ ವಾಸನೆ! ತೇವ ತಗುಲಿದರೆ ಆಸ್ಪಿರಿನ್ ಒಡೆದು ಹಾಗೇ ಆಗುತ್ತದಂತೆ. ಆಮೇಲಿಂದ ಗುಳಿಗೆ ನುಂಗುವಾಗಲೇ ಬಿಡಿಸೋದು. ಬಾಟಲಿಯೊಳಗಿನ ಚಿಕ್ಕ ಪೊಟ್ಟಣ ಎಸೆಯಬೇಡಿ, ಅದು ತೇವ ಹೀರೋದಕ್ಕೇ ಇರೋದು. ಮಕ್ಕಳ ಕೈಗೆ ಮಾತ್ರ ಸಿಗಬಾರದು.

ಬೀದರ್ ಕೋಟೆ:
ಇನ್ಸುಲಿನ್ ಇರೋರಿಗೂ ಹೇಳಿಬಿಡ್ತೀನಿ. ಸೀಲ್ ಒಡೆಯದ್ದು ಫ್ರಿಜ್‌ನಲ್ಲಿ, ಫ್ರೀಜರ್‌ನಲ್ಲಲ್ಲ, ಹೆಪ್ಪುಗಟ್ಟಿದರೆ ಮುಗೀತು. ಕರೆಂಟ್ ಹೋದಾಗ ನಾವು ದೊಡ್ಡ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಅದರಲ್ಲಿ ಚಿಕ್ಕ ಗಡಿಗೆ ಇಟ್ಟು, ಅದರೊಳಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಫ್ರಿಜ್‌ನಷ್ಟು ತಂಪಾಗಲ್ಲ, ಆದರೆ ಹೊರಗಿಡೋದಕ್ಕಿಂತ ಎಷ್ಟೋ ವಾಸಿ.

ಬಿಸಿಲೂರವ:
ಡಬ್ಬಿ ಖಾಲಿ ಮಾಡಿದೆ. 2022ರ ಕೆಮ್ಮಿನ ಔಷಧಿ, ಅರ್ಧ ಉಳಿದ ಆಂಟಿಬಯಾಟಿಕ್, ಅಪ್ಪನ ಕಣ್ಣಿನ ಡ್ರಾಪ್ಸು, ಎಲ್ಲ ಅಲ್ಲೇ ಇತ್ತು. ನಮ್ಮ ಕೆಳಗಿನ ಹಳೇ ಖೋಲಿ ಶಹಾಬಾದ್ ಕಲ್ಲಿನದು, ಮೇಲಿಗಿಂತ ಎಷ್ಟೋ ತಂಪು. ಥರ್ಮಾಮೀಟರ್ ಇಟ್ಟು ನೋಡಿದೆ, ಮೂರು ಗಂಟೆಗೆ 31. ಅಷ್ಟು ನಡೀತದಾ?

ಮೆಡಿಕಲ್ ಕೌಂಟರ್:
ಮೇ ತಿಂಗಳಲ್ಲಿ ಒಂದೆರಡು ತಾಸು 31 ಆದರೆ ಗಾಬರಿ ಬೇಡ. ಕಿಟಕಿಯಿಂದ ದೂರ, ಕೆಳಗಿನ ಗೂಡಿನಲ್ಲಿ ಬೀಗ ಹಾಕಿ ಇಡಿ. ಆ ಅರ್ಧ ಆಂಟಿಬಯಾಟಿಕ್ ಮಾತ್ರ ಯಾರಿಗೂ ಕೊಡಬೇಡಿ.