ಗ್ಯಾಲಗಾ ಹೈ ಸ್ಕೋರ್ ಸ್ಪರ್ಧೆ ಇಡೋದು ಹೆಂಗ? ಮಾಡಿದವರು ಹೇಳ್ರಿ

ಕೇಳಿದವರು, ಬ್ರಹ್ಮಪುರ, ಕಲಬುರಗಿ:

ನಮಸ್ಕಾರ್ರಿ. ಈ ಬ್ಯಾಸಿಗಿ ಸೂಟಿಯೊಳಗ ನಮ್ಮ ಓಣಿ ಗೆಳೆಯರ ಬಳಗದಿಂದ ಗ್ಯಾಲಗಾ ಹೈ ಸ್ಕೋರ್ ಸ್ಪರ್ಧೆ ಇಡಬೇಕಂತ ಮಾಡೀವಿ. ಗ್ಯಾಲಗಾ ಅಂದ್ರ ಕೆಳಗಿನ ಹಡಗಿನಿಂದ ಮ್ಯಾಲಿನ ವೈರಿ ಹುಳಗಳಿಗೆ ಗುಂಡು ಹೊಡಿಯೋ ಹಳೇ ವಿಡಿಯೊ ಗೇಮ್. ಎರಡು ಹಳೇ ಕಂಪ್ಯೂಟರ್, ಎರಡರಾಗೂ ಮೇಮ್ (ಹಳೇ ಆಟಗಳನ್ನ ಕಂಪ್ಯೂಟರ್‌ನಾಗ ಓಡಿಸೋ ಪ್ರೋಗ್ರಾಮ್), ಜಾಯ್‌ಸ್ಟಿಕ್, ಕೂಡ್ಲಿಕ್ಕೆ ಒಂದು ಖೋಲಿ ಅದ. ಸಣ್ಣವರು ದೊಡ್ಡವರು ಸೇರಿ 30–40 ಮಂದಿ ಬರಬಹುದು. ನಿಯಮ ಏನಿಡಬೇಕು, ಜಗಳ ಎಲ್ಲಿ ಹುಟ್ತಾವ, ದಯವಿಟ್ಟು ಅನುಭವ ಹೇಳ್ರಿ.

ಶಹಾಬಜಾರದಿಂದ:

ನಾವು ಎರಡು ವರ್ಷ ನಡೆಸೀವಿ. ಮೊದಲನೇ ವರ್ಷ ಕೆಡ್ತು, ಎರಡನೇ ವರ್ಷ ಚಂದ ಆಯ್ತು. ಕೆಡಿಸಿದವರು ಆಡೋರಲ್ಲ, ನಡೆಸೋರು ನಾವೇ. ನಿಮ್ಮಂಗೇ ಎರಡು ಕಂಪ್ಯೂಟರ್ ಇಟ್ಟಿದ್ವಿ. ಒಂದರಾಗ ಮೂರು ಜೀವ, ಇನ್ನೊಂದರಾಗ ಯಾರೋ ಹಿಂದ ಐದಕ್ಕ ಇಟ್ಟು ಬಿಟ್ಟಿದ್ರು. ನಾವು ತೆರೆದು ನೋಡೇ ಇರಲಿಲ್ಲ. ಸಂಜಿ ಆಗೋದ್ರಾಗ ಕರಿ ಹಲಗಿ ತುಂಬ ಹೆಸರು, ಅಂಕ. ಆಗ ಆರನೇತ್ತ ಹುಡುಗ ಒಬ್ಬ ಬಂದು, “ಅಣ್ಣಾ, ಆ ಕಡಿ ಮಷಿನ್ನಾಗ ಹಡಗು ಹೆಚ್ಚ ಬರ್ತಾವಲ್ಲ” ಅಂದ. ಹಲಗಿ ಪೂರಾ ಒರೆಸಬೇಕಾಯ್ತು. ಬೆಳಗ್ಗಿಂದ ಮ್ಯಾಲಿದ್ದ ಹುಡುಗಿ ಅಲ್ಲೇ ನಿಂತು ತನ್ನ ಹೆಸರು ಅಳಿಸೋದು ನೋಡಿದ್ಳು. ಏನೂ ಅನ್ನಲಿಲ್ಲ, ಚಪ್ಪಲಿ ಹಾಕ್ಕೊಂಡು ಹೋದ್ಳು. ಆ ತಪ್ಪು ನಿಮ್ಮಿಂದ ಆಗಬಾರದು ಅಂತ ಇಷ್ಟು ಉದ್ದ ಬರೀಲತ್ತೀನಿ.

ಮೇಮ್‌ನಾಗ ಆಟ ಶುರುವಾದ ಮ್ಯಾಲ ಟ್ಯಾಬ್ ಒತ್ತಿದ್ರ ಡಿಪ್ ಸ್ವಿಚ್ ಅನ್ನೋ ಸೆಟ್ಟಿಂಗ್ ಪಟ್ಟಿ ಸಿಗ್ತದ. ಜೀವ ಎಷ್ಟು, ಎಷ್ಟು ಅಂಕಕ್ಕ ಹೊಸ ಹಡಗು, ಆಟ ಎಷ್ಟು ಕಠಿಣ, ಈ ಮೂರೂ ಅಲ್ಲೇ ಇರ್ತಾವ. ಎರಡೂ ಕಂಪ್ಯೂಟರ್‌ನಾಗ ಒಂದೇ ನಮೂನಿ ಇಡ್ರಿ, ಆ ಪರದಿ ಫೋಟೋ ತೆಗೆದು ಗ್ವಾಡಿಗಿ ಹಚ್ರಿ. ಯಾರು ಬೇಕಾದ್ರೂ ಬಂದು ನೋಡ್ಲಿ. ಹೊಸ ಹಡಗು ಬ್ಯಾಡೇ ಬ್ಯಾಡ ಅನ್ನೋ ಆಯ್ಕೆನೂ ಅದರಾಗ ಅದ. 40 ಮಂದಿ ಬರ್ತಾರಂದ್ರ ಅದನ್ನೇ ಹಾಕ್ರಿ. ಕೈ ಪಳಗಿದಾಂವ ಕುಂತ ಅಂದ್ರ ತಾಸುಗಟ್ಟಲೆ ಏಳೋದಿಲ್ಲ, ಉಳಿದವರು ಬಾಗಿಲಾಗ ನಿಂತೇ ಇರ್ತಾರ.

ಟರ್ಬೊ ಗುಂಡಿ (ಒತ್ತಿ ಹಿಡದ್ರ ತಾನೇ ಗುಂಡು ಹಾಕ್ತಾ ಇರೋದು) ಇರೋ ಜಾಯ್‌ಸ್ಟಿಕ್ ಒಳಗ ಬಿಡಬ್ಯಾಡ್ರಿ. ನಡುವ ಸೇವ್ ಮಾಡಿ ಮತ್ತ ಅಲ್ಲಿಂದ ಆಡೋದೂ ಬ್ಯಾಡ.

ಇನ್ನ ಗುಂಡು ನಿಲ್ಲಿಸೋ ಯುಕ್ತಿ. ಇದು ಗೊತ್ತಿಲ್ಲದೇ ಸ್ಪರ್ಧೆ ಇಡಲೇಬ್ಯಾಡ್ರಿ. ಮೊದಲನೇ ಹಂತದಾಗ ಎಡಗಡೆ ತುದಿಯ ಒಂದೆರಡು ಜೇನಹುಳ ಬಿಟ್ಟು ಉಳಿದವೆಲ್ಲ ಹೊಡೀತಾರ. ಆಮ್ಯಾಲ ಹೊಡೀದೇ ಸುಮ್ಮನ ತಪ್ಪಿಸ್ಕೋತ ಕೂಡ್ತಾರ. ಹತ್ತು ಹದಿನೈದು ಮಿನಿಟಿನ ಮ್ಯಾಲ ಆ ಹುಳ ಗುಂಡು ಹಾಕೋದು ನಿಲ್ಲಸ್ತಾವ. ಆಗ ಅವನ್ನ ಹೊಡದ್ರ ಮುಂದಿನ ಹಂತಗಳಾಗೂ ಯಾವ ವೈರಿಯೂ ಗುಂಡು ಹಾಕೋದಿಲ್ಲ. 1981ರಾಗ ನಾಮ್ಕೋ ಕಂಪನಿ ಬರೆದ ಪ್ರೋಗ್ರಾಮಿನ ಒಳಗಿನ ದೋಷ ಅದು, ಆಡೋರು ಕದ್ದಿದ್ದಲ್ಲ. ನಮ್ಮಲ್ಲಿ ಒಬ್ಬ ಕಾಲೇಜ್ ಹುಡುಗ ಅದನ್ನೇ ಮಾಡಿದ. ನಿಯಮದಾಗ ನಾವು ಒಂದು ಅಕ್ಷರ ಬರೆದಿರಲಿಲ್ಲ, ಹಂಗಾಗಿ ತಪ್ಪಂತ ಹೇಳಲಿಕ್ಕೆ ಬರಲಿಲ್ಲ. ಉಳಿದವರಿಗೆ ಮೋಸ ಆದಂಗ ಅನಸ್ತು. ನನ್ನ ಪ್ರಕಾರ ಅದಕ್ಕ ಬಂದಿ ಹಾಕಬೇಕು. ಆದ್ರ ಮೊದಲೇ ಹೇಳಿ ಹಾಕಬೇಕು, ನಡುವ ಎದ್ದು ಅಲ್ಲ.

ಸೇಡಂ ರಸ್ತೆಯಿಂದ:

ಶಹಾಬಜಾರದ ಅಣ್ಣ ಹೇಳಿದ್ದು ಖರೆ. ನಾನು ನಮ್ಮ ಅಪಾರ್ಟ್‌ಮೆಂಟಿನ ಹೆಣ್ಮಕ್ಕಳು, ಮಕ್ಕಳನ್ನ ಕೂಡಿಸಿ ಒಮ್ಮೆ ಮಾಡೀನಿ. ಅಂಕಕ್ಕ ಸಾಕ್ಷಿ ಬೇಕೇ ಬೇಕು. ಆಟ ಮುಗಿದ ಮ್ಯಾಲ ಗ್ಯಾಲಗಾ ತಾನೇ ಲೆಕ್ಕ ತೋರಸ್ತದ: ಎಷ್ಟು ಗುಂಡು ಹಾಕಿದ್ರಿ, ಎಷ್ಟು ತಾಕಿದ್ವು, ಶೇಕಡಾ ಎಷ್ಟು. ಆ ಪರದಿ ನಿಲ್ಲೋದು ಜರಾ ಹೊತ್ತು ಅಷ್ಟೇ. ಮೊಬೈಲ್ ಹಿಡಿದು ಒಬ್ಬರು ಹಿಂದ ನಿಂತೇ ಇರಬೇಕು. ಇಬ್ಬರ ಅಂಕ ಸಮ ಬಂದ್ರ ಶೇಕಡಾ ಹೆಚ್ಚಿದ್ದವರನ್ನ ಮ್ಯಾಲ ಇಡ್ರಿ. ನಮ್ಮಲ್ಲಿ ಹಂಗೇ ಮಾಡಿದ್ವಿ, ಯಾರೂ ತಕರಾರು ತೆಗೀಲಿಲ್ಲ.

ಮೇಮ್‌ನಾಗ ರೆಕಾರ್ಡ್ ಹಚ್ಚಿ ಆಡಿದ್ರ ಒತ್ತಿದ ಪ್ರತಿ ಗುಂಡಿ ಒಂದು ಸಣ್ಣ ಫೈಲಿನಾಗ ಕೂಡ್ತದ. ಅನುಮಾನ ಬಂದ್ರ ಮತ್ತ ಓಡಿಸಿ ನೋಡಬಹುದು. ಎರಡೂ ಕಂಪ್ಯೂಟರ್‌ನಾಗ ಮೇಮ್‌ನ ಒಂದೇ ಆವೃತ್ತಿ ಇರಲಿ. ಬ್ಯಾರೆ ಆವೃತ್ತಿಯಾಗ ಆ ಫೈಲ್ ಸರಿಯಾಗಿ ಓಡೋದಿಲ್ಲ.

ಹೊಸಬರಿಗೆ ಶುರು ಆಗೋ ಮೊದಲು ಅರ್ಧ ತಾಸು ಕಲಿಸ್ರಿ. ನಾನು ಮೂರೇ ಮಾತು ಹೇಳ್ತೀನಿ. ಬಾಸ್‌ಗೆ (ಮ್ಯಾಲಿನ ಸಾಲಿನ ದೊಡ್ಡ ವೈರಿ) ಎರಡು ಏಟು ಬೇಕು, ಹಂಗಾಗಿ ಅದು ಸಾಲಿನಾಗ ನಿಂತಾಗಲೇ ಒಂದು ಏಟು ಹಾಕಿ ಇಡ್ರಿ, ಬಣ್ಣ ತಿರುಗ್ತದ. ಆಮ್ಯಾಲ ಅದು ಇಬ್ಬರು ಜೊತೆಗಾರರನ್ನ ಕರ್ಕೊಂಡು ಕೆಳಗ ಧುಮುಕಿದಾಗ ಮೊದಲು ಅದನ್ನೇ ಹೊಡೀರಿ, 1600 ಅಂಕ. ಸಾಲಿನಾಗೇ ಕೊಂದ್ರ ಬರೋದು ಬರೇ 150. ಇನ್ನ ನಿಮ್ಮ ಹಡಗನ್ನ ಅದು ಎಳಕೊಂಡು ಹೋದ್ರ ಅಂಜಬ್ಯಾಡ್ರಿ, ಕೈಯಾಗ ಇನ್ನೊಂದು ಹಡಗು ಇದ್ರ ಅದು ಲಾಭವೇ. ಬಾಸ್ ಧುಮುಕಿ ಬರುವಾಗ ಹೊಡದ್ರ ಹಡಗು ತಿರುಗಿ ಬಂದು ಜೋಡಿ ಆಗ್ತದ. ಮೂರನೇ ಹಂತದ ಚಾಲೆಂಜಿಂಗ್ ಸ್ಟೇಜಿನಾಗ (ವೈರಿಗಳು ಗುಂಡು ಹಾಕದೇ ಹಾರಿ ಹೋಗೋ ಹಂತ) 40ಕ್ಕ 40 ಹೊಡದ್ರ 10,000 ಅಂಕ, ಆಗ ಆ ಜೋಡಿ ಹಡಗು ಭಾಳ ಕೆಲಸಕ್ಕ ಬರ್ತದ. ಒಂದು ಅಜ್ಜಿ ಮೊಮ್ಮಗನ ಪಕ್ಕ ಕುಂತು ಆಡ್ತಿದ್ರು. 40 ತಾಕಿದಾಗ ಕೈ ನಡುಗಿ ಜಾಯ್‌ಸ್ಟಿಕ್ ಬಿಟ್ಟೇ ಬಿಟ್ರು, ಕಣ್ಣಾಗ ನೀರು.

ಮುಂಜಾನೆ ಹೆಣ್ಮಕ್ಕಳಿಗೆ, ಸಣ್ಣವರಿಗೆ ಪಾಳಿ ಇಡ್ರಿ. ಸಂಜಿ ಗದ್ದಲದಾಗ ಅವರು ಮುಂದ ಬರೋದಿಲ್ಲ. ಮೇ ತಿಂಗಳ ಬಿಸಿಲು ನಿಮಗ ಗೊತ್ತೇ ಅದ, ಹನ್ನೆರಡರಿಂದ ನಾಲ್ಕರ ತನಕ ಬಂದ್ ಮಾಡ್ರಿ.

ಶಹಾಬಾದದಿಂದ:

ನನ್ನ ಸಲಹೆ ಬ್ಯಾರೆ ಅದ. ಮೊದಲನೇ ಸಲ ಗ್ಯಾಲಗಾ ಬದಲು ಸ್ಪೇಸ್ ಇನ್ವೇಡರ್ಸ್ ಇಡ್ರಿ. 1978ರದು, ಜಪಾನಿನ ತೋಮೊಹಿರೊ ನಿಶಿಕಾದೊ ಟೈಟೊ ಕಂಪನಿಗಾಗಿ ಮಾಡಿದ್ದು. ಎಡಕ್ಕ ಬಲಕ್ಕ ಸರಿಯೋದು, ಹೊಡಿಯೋದು, ಅಷ್ಟೇ. ಯಾರಿಗೂ ಹೇಳಿಕೊಡೋದು ಬೇಕಿಲ್ಲ. ಆಟನೂ ಜಲ್ದಿ ಮುಗೀತದ. ವೈರಿಗಳು 55. ಕಮ್ಮಿ ಆದಂಗ ಜೋರು ಓಡ್ತಾವಲ್ಲ, ಅದು ಮೊದಲು ಬೇಕಂತ ಇಟ್ಟಿದ್ದಲ್ಲ. ಆ ಕಾಲದ ಪ್ರೊಸೆಸರಿಗೆ ಬಿಡಿಸೋ ಚಿತ್ರ ಕಮ್ಮಿ ಆದಾಗ ಕೆಲಸ ಹಗುರಾಗಿ ವೇಗ ಏರ್ತಿತ್ತು. ನಿಶಿಕಾದೊ ಅದನ್ನ ಹಂಗೇ ಉಳಿಸ್ಕೊಂಡ್ರು.

ನಮ್ಮಲ್ಲಿ ಒಬ್ಬ ಕಾಕಾ ಅವರು ಬಂದಿದ್ರು, ಸಿಮೆಂಟ್ ಕಾರ್ಖಾನಿಯಿಂದ ರಿಟೈರ್ ಆದವರು. ತುಟಿ ಒಳಗೇ ಏನೋ ಅಂತಿದ್ರು. ಮಂತ್ರ ಅಂತ ತಿಳ್ಕೊಂಡಿದ್ವಿ. ಹತ್ರ ಹೋಗಿ ಕೇಳಿದ್ರ, “ಇಪ್ಪತ್ತೊಂದು, ಇಪ್ಪತ್ತೆರಡು...” ಗುಂಡು ಎಣಸ್ತಿದ್ರು! ಮ್ಯಾಲ ಹಾಯೋ ಹಾರುತಟ್ಟಿಗೆ 23ನೇ ಗುಂಡು ತಾಕಿದ್ರ 300 ಅಂಕ, ಆಮ್ಯಾಲ ಪ್ರತಿ 15ನೇ ಗುಂಡಿಗೆ 300. ಹಾರುತಟ್ಟಿ ಬರೋ ತನಕ ಆ ಒಂದು ಗುಂಡು ಕೈಯಾಗ ಹಿಡಿದು ಸುಮ್ಮನ ಸರಿದಾಡ್ತಿದ್ರು. ಹುಡುಗ್ರೆಲ್ಲ ಅವರ ಹಿಂದ ಕುಂತು ಜೋಡಿಲಿ ಎಣಸ್ಲಿಕ್ಕೆ ಹತ್ತಿದ್ರು. ಅಂಥವರನ್ನ ಹುಡುಕಿ ಕರೀರಿ, ಸ್ಪರ್ಧೆಗೆ ಕಳೆ ಬರ್ತದ.

ಒಂದು ಎಚ್ಚರ: ಅದರಾಗ ಅಂಕದ ಮನಿ ನಾಕೇ, 9990 ದಾಟಿದ್ರ ಮತ್ತ ಸೊನ್ನಿಯಿಂದ. ಎಷ್ಟು ಸಲ ತಿರುಗ್ತು ಅಂತ ಒಬ್ಬರು ಬರ್ಕೋಬೇಕು.

ಜೇವರ್ಗಿ ರಸ್ತೆಯಿಂದ:

ಮೇಮ್ ಪುಕ್ಕಟ್ಟೆ, ಆದ್ರ ಆಟದ ಹಕ್ಕು ಕಂಪನಿದು. ಕೊಂಡ ಪ್ರತಿಯನ್ನೇ ಆಡ್ಸೋದು ಒಳ್ಳೇದು, ಟಿಕೆಟ್ ಇಡಬ್ಯಾಡ್ರಿ. ಮನ್ಯಾಗಿನ ಟಿವಿ ಗೇಮ್ ಕ್ಯಾಸೆಟ್ಟಿನ ಅಂಕ ತಂದು ತೋರಸ್ತಾರ, ಅವನ್ನ ಹಲಗಿ ಮ್ಯಾಲ ಸೇರಿಸಬ್ಯಾಡ್ರಿ, ಅದು ಬ್ಯಾರೆ ಆಟನೇ.

ಕೇಳಿದವರು:

ಎಲ್ಲಾರಿಗೂ ಶರಣು. ನಿನ್ನೆ ರಾತ್ರಿ ಬಳಗದವರು ಕುಂತು ಓದಿದ್ವಿ. ಗ್ಯಾಲಗಾನೇ ಇಡ್ತೀವಿ. ಮೂರು ಜೀವ, ಹೊಸ ಹಡಗು ಇಲ್ಲ, ತಲಿಗೆ ಮೂರು ಪಾಳಿ, ಚೊಲೋದು ಒಂದು ಲೆಕ್ಕಕ್ಕ. ಗುಂಡು ನಿಲ್ಲಿಸೋ ಯುಕ್ತಿಗೆ ಬಂದಿ, ಹಲಗಿ ಮ್ಯಾಲ ಮೊದಲನೇ ಸಾಲಿನಾಗೇ ಬರೀತೀವಿ. ಶಹಾಬಾದದ ಕಾಕಾ ಅವರಿಗೆ ನಮ್ಮ ಕಡಿಯಿಂದ ಹೇಳ್ರಿ, ಅವರಿಗಾಗಿ ಒಂದು ಸಂಜಿ ಇನ್ವೇಡರ್ಸ್ ಹಚ್ತೀವಿ. ಉಳಿದ ಚಿಂತಿ ಒಂದೇ. ನಡುವ ಕರೆಂಟ್ ಹೋದ್ರ ಆಡೋರ ಪಾಳಿ ಹಾಳ. ಯುಪಿಎಸ್ ಒಂದೇ ಅದ, ಕಂಪ್ಯೂಟರ್ ಎರಡು.

ಶಹಾಬಜಾರದಿಂದ:

ನಮ್ಮ ಬಲ್ಲಿ ಒಂದು ಅದ, ಬ್ಯಾಟರಿ ಹೋದ ತಿಂಗಳೇ ಹಾಕ್ಸೀವಿ. ಹಿಂದಿನ ದಿನ ಸಂಜಿ ತಂದು ಕೊಡ್ತೀನಿ. ಡಿಪ್ ಸ್ವಿಚ್ ನಾನೂ ಒಮ್ಮೆ ನೋಡಿ ಹೋಗ್ತೀನಿ.